ಕ್ಯಾನ್ಸರ್ ಸಂಶೋಧನೆಯಲ್ಲಿ ಫಿಸಿಕ್ಸ್ ಓದಿದವರಿಗೆ ಗಣಿತದ ಮಾಡೆಲ್ ಬರೆಯೋದು ಬಿಟ್ಟು ಬೇರೆ ಕೆಲಸ ಇದೆಯಾ? ಬಯಾಲಜಿ ಎಂಎಸ್ಸಿ ಮತ್ತೆ ಮಾಡಬೇಕಾ?

ಫಿಸಿಕ್ಸ್ ಎಂಎಸ್ಸಿ ಮುಗಿಸಿ ಮಲ್ಲೇಶ್ವರದ ಪಿಜಿ ರೂಮಲ್ಲಿ ಕೂತು ನಾನೂ ಇದನ್ನೇ ಕೇಳಿಕೊಂಡಿದ್ದೆ. "ಕ್ಯಾನ್ಸರ್ ಜೀನ್‌ಗಳ ಕಾಯಿಲೆ, ನಮಗಲ್ಲೇನಿದೆ" ಅಂದುಕೊಂಡಿದ್ದರೆ ಅಲ್ಲೇ ತಪ್ಪಿದ್ದೀರಿ. ಡಾಕ್ಟರು ಎದೆಯ ಗಂಟನ್ನು ಬೆರಳಲ್ಲಿ ಒತ್ತಿ ನೋಡೋದು ಗಡಸುತನವನ್ನೇ. ಇಲಿಗಳಲ್ಲಿ ಅಳೆದಾಗ ಸಹಜ ಸ್ತನದ ಅಂಗಾಂಶದ ಗಡಸುತನ ಸುಮಾರು 0.2 ಕಿಲೋಪಾಸ್ಕಲ್, ಗಡ್ಡೆಯದು ಸುಮಾರು 4. ಸುತ್ತಲಿನ ಕೊಲಾಜನ್ ಅನ್ನೋ ಪ್ರೋಟೀನ್ ಎಳೆಗಳು ಒಂದಕ್ಕೊಂದು ಹೆಣೆದು ಬಿಗಿಯಾಗುತ್ತವೆ. ಕೋಶ ಅದನ್ನು ಜಗ್ಗಿ ನೋಡಿ ತನ್ನ ನಡತೆ ಬದಲಿಸುತ್ತೆ. ತಮಾಷೆ ಅಂದರೆ, ಗಡ್ಡೆ ಗಟ್ಟಿ, ಆದರೆ ಒಳಗಿನ ಕ್ಯಾನ್ಸರ್ ಕೋಶ ಬಹಳ ಸಲ ಸಹಜ ಕೋಶಕ್ಕಿಂತ ಮೆತ್ತಗೆ. ಸಂದಿಯಲ್ಲಿ ನುಸುಳೋಕೆ ಅನುಕೂಲ.

ನಾನು ಕೈ ಸುಟ್ಟುಕೊಂಡದ್ದು ಜೆಲ್‌ನಲ್ಲಿ. ಪ್ಲಾಸ್ಟಿಕ್ ಡಿಶ್ ಗಿಗಾಪಾಸ್ಕಲ್ ಲೆಕ್ಕದಲ್ಲಿ ಗಡಸು, ಅದಕ್ಕೇ ಅಂಗಾಂಶದ ಹಾಗೆ ಮೆತ್ತಗಿರೋ ಪಾಲಿಅಕ್ರಿಲಮೈಡ್ ಜೆಲ್ ಮೇಲೆ ಕೋಶ ಬೆಳೆಸೋದು. 3% ಅಕ್ರಿಲಮೈಡ್‌ಗೆ 0.06% ಬಿಸ್ (ಎಳೆಗಳನ್ನು ಹೆಣೆಯೋ ರಾಸಾಯನಿಕ) ಹಾಕಿದರೆ ಒಂದು ಕಿಲೋಪಾಸ್ಕಲ್‌ಗೂ ಕಡಿಮೆ, 5%ಗೆ 0.15% ಹಾಕಿದರೆ ಸುಮಾರು 4.5. ಬರಿ ಜೆಲ್‌ಗೆ ಕೋಶ ಅಂಟಲ್ಲ, ಕೊಲಾಜನ್ ಹಚ್ಚಬೇಕು. ಅದನ್ನು ಹಿಡಿದಿಡೋದು ಸಲ್ಫೋ-ಸ್ಯಾನ್‌ಪಾ ಅನ್ನೋ ಎರಡು ತುದಿಯ ಅಂಟು ಪುಡಿ: 365 ನ್ಯಾನೋಮೀಟರ್ ಯುವಿ ಬಿದ್ದಾಗ ಒಂದು ತುದಿ ಜೆಲ್ ಹಿಡಿಯುತ್ತೆ, ಇನ್ನೊಂದು ಕೊಲಾಜನ್ ಹಿಡಿಯುತ್ತೆ. ಆ ಇನ್ನೊಂದು ತುದಿ ನೀರಿಗೆ ಬಿದ್ದ ಕ್ಷಣದಿಂದ ಸಾಯ್ತಾ ಹೋಗುತ್ತೆ. ನಾನು ಪುಡಿಯನ್ನೆಲ್ಲ ಒಂದೇ ಸಲ ಕರಗಿಸಿ, ಮೊದಲು ಗಟ್ಟಿ ಜೆಲ್‌ಗೆ ಹಾಕಿ, ಕಾಫಿ ಕುಡಿದು, ಹರಟೆ ಹೊಡೆದು, ಒಂದೂವರೆ ಗಂಟೆ ಆದಮೇಲೆ ಮೆತ್ತನೆ ಜೆಲ್‌ಗೆ ಹಾಕಿದೆ. ಪ್ರತಿ ಸಲವೂ ಇದೇ ಕ್ರಮ! ಗಟ್ಟಿಯದರ ಮೇಲೆ ಕೋಶಗಳು ಚಪಾತಿ ಹಾಗೆ ಹರಡಿದವು, ಮೆತ್ತನೆಯದರ ಮೇಲೆ ಸಬ್ಬಕ್ಕಿ ಹಾಗೆ ದುಂಡಗೆ ಕೂತವು. ಪೇಪರ್‌ಗಳಲ್ಲಿ ಇರೋ ಹಾಗೇ ಬಂತು ಅಂತ ಕುಣಿದೆ. ಮೋಸ ಅಲ್ಲೇ ಇತ್ತು. ಜೆಲ್ ಮೆತ್ತಗಿದ್ದರೂ ಕೋಶ ದುಂಡಗೆ, ಕೊಲಾಜನ್ ಇಲ್ಲದಿದ್ದರೂ ದುಂಡಗೆ. ಕಣ್ಣಿಗೆ ಎರಡೂ ಒಂದೇ. ಕೊಲಾಜನ್‌ಗೆ ಹೊಳೆಯುವ ಆಂಟಿಬಾಡಿ ಹಾಕಿ ನೋಡಿದಾಗ ಮೆತ್ತನೆ ಜೆಲ್ ಕಗ್ಗತ್ತಲು. ನಾಲ್ಕು ತಿಂಗಳ ಗ್ರಾಫ್ ಕಸದ ಬುಟ್ಟಿಗೆ.

ಹಾಗಾಗಿ ಪ್ರತಿ ಬ್ಯಾಚ್‌ಗೂ ಪುಡಿ ಹೊಸದಾಗಿ ಕರಗಿಸಿ, ತಕ್ಷಣ ಯುವಿ ಕೆಳಗಿಡಿ, ಜೆಲ್‌ಗಳ ಸರದಿ ಪ್ರತಿ ಸಲವೂ ಬದಲಿಸಿ. ಗಡಸುತನ ಅಳೆಯೋದು ಜೆಲ್ ರಾತ್ರಿಯಿಡೀ ಬಫರ್ ದ್ರಾವಣದಲ್ಲಿ ಉಬ್ಬಿದ ಮೇಲೆ. ಉಬ್ಬಿದಾಗ ಅದು ಇನ್ನೂ ಮೆತ್ತಗಾಗುತ್ತೆ.

ಇನ್ನೊಂದು ಡಿಗ್ರಿ ಬೇಡವೇ ಬೇಡ. ಆರು ತಿಂಗಳು ಪಿಪೆಟ್ ಹಿಡಿಯೋದು ಕಲಿಯಿರಿ, ಮಾಡೆಲ್ ಆಮೇಲೆ. ಐಐಎಸ್‌ಸಿಯೋ ಎನ್‌ಸಿಬಿಎಸ್ಸೋ, ಯಾವ ಲ್ಯಾಬಿಗೆ ಸಂದರ್ಶನಕ್ಕೆ ಹೋದರೂ "ಕೋಟಿಂಗ್ ಸಮ ಇದೆ ಅಂತ ಹೇಗೆ ನೋಡ್ತೀರಿ?" ಅಂತ ನೀವೇ ಕೇಳಿ.