ಗ್ರೀಸಿನ ನಾತಕ್ಕೆ ಹೆದರಬೇಕೇ?

ಪ್ರಶ್ನೆ: ನಮ್ಮದು ಆಲೆಮನೆ. ಗಾಣದ ಬೇರಿಂಗ್‌ಗೆಂದು ಹೊಸ ಗ್ರೀಸ್ ತಂದೆವು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ. ಅಂಗಡಿಯವರು ‘ನಾತ ಹೆಚ್ಚಿದ್ದಷ್ಟೂ ಮಾಲು ಗಟ್ಟಿ’ ಎನ್ನುತ್ತಾರೆ. ನಿಜವೇ, ಇಲ್ಲ ಕೆಟ್ಟ ಮಾಲೇ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಅಂಗಡಿಯವರ ಮಾತೂ ನಿಲ್ಲುವುದಿಲ್ಲ, ನಿಮ್ಮ ಅನುಮಾನವೂ ನಿಲ್ಲುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಅಂಗಿಗೆ ಈ ನಾತ ಎಷ್ಟು ಅಂಟಿತ್ತೆಂದರೆ, ಮನೆಯಲ್ಲಿ ಅದನ್ನು ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಿದ್ದರು.

ಗ್ರೀಸಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಬರೀ ಎಣ್ಣೆ. ಅದು ಹರಿದುಹೋಗದಂತೆ ಹಿಡಿದಿಡಲು ಒಂದು ಬಗೆಯ ಸಾಬೂನು, ಮೇಲೆ ಒಗ್ಗರಣೆಯಷ್ಟು ರಾಸಾಯನಿಕ. ನಾತ ಬರುವುದು ಹೆಚ್ಚಾಗಿ ಈ ಒಗ್ಗರಣೆಯಿಂದ. ನಿಮ್ಮ ಡಬ್ಬಿಯ ಮೇಲೆ ‘ಇ.ಪಿ.’ (ಎಕ್ಸ್‌ಟ್ರೀಮ್ ಪ್ರೆಶರ್, ಅಂದರೆ ವಿಪರೀತ ಒತ್ತಡ ತಡೆಯುವಂಥದ್ದು) ಎಂದು ಬರೆದಿದೆಯೇ ನೋಡಿ. ಇದ್ದರೆ ಅದರಲ್ಲಿ ಗಂಧಕದ ಸಂಯುಕ್ತ ಇರುವ ಸಾಧ್ಯತೆಯೇ ಹೆಚ್ಚು. ಗಾಣಕ್ಕೆ ಒಮ್ಮೆಲೇ ಹೆಚ್ಚು ಜಲ್ಲೆ ಕೊಟ್ಟಾಗ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗಿ ಕಾಯುತ್ತದೆ. ಆ ಕಾವಿನಲ್ಲಿ ಗಂಧಕವು ಕಬ್ಬಿಣದೊಡನೆ ಕೂಡಿ ತೆಳುವಾದ ಪೊರೆ ಕಟ್ಟುತ್ತದೆ. ಎರಡೂ ಒಂದಕ್ಕೊಂದು ಬೆಸೆದುಕೊಳ್ಳುವುದು ತಪ್ಪುತ್ತದೆ. ಹಾಗೆಂದು ನಾತವೇ ಅಳತೆಗೋಲಲ್ಲ. ಸರಿಯಾಗಿ ಶುದ್ಧಿ ಮಾಡದ ಅಗ್ಗದ ಎಣ್ಣೆಯಲ್ಲಿಯೂ ಗಂಧಕ ಉಳಿದು ನಾರುತ್ತದೆ, ಅದರಿಂದ ಬೇರಿಂಗ್‌ಗೆ ಮೂರು ಕಾಸಿನ ಪ್ರಯೋಜನವಿಲ್ಲ.

ನಮ್ಮ ತಾತನ ಗಾಡಿಯ ಅಚ್ಚಿಗೆ ಹಾಕುತ್ತಿದ್ದದ್ದು ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಬೆರೆಸಿದ ಕೀಲೆಣ್ಣೆ. ಇಂದಿನ ಲಿಥಿಯಂ ಗ್ರೀಸಿನ ಸಾಬೂನಿಗೆ ಬೇಕಾದ ಆಮ್ಲವನ್ನೂ ಹರಳೆಣ್ಣೆಯಿಂದಲೇ ತೆಗೆಯುತ್ತಾರೆ. ಆದರೆ ಆ ಹಳೆಯ ವಾಸನೆ ಮಾತ್ರ ಅದರಲ್ಲಿ ಉಳಿದಿಲ್ಲ.

ನಿಮ್ಮ ಗಾಣದ ಬುಷ್ (ಅಚ್ಚು ತಿರುಗುವ ಲೋಹದ ಬಳೆ) ಹಿತ್ತಾಳೆಯದೋ ಗನ್‌ಮೆಟಲ್ಲಿನದೋ ಆಗಿದ್ದರೆ ಸ್ವಲ್ಪ ಜಾಗ್ರತೆ, ಎರಡೂ ತಾಮ್ರದ ಮಿಶ್ರಲೋಹಗಳೇ. ಕೆಲವು ಗಂಧಕದ ಸಂಯುಕ್ತಗಳು ಕಾವೇರಿದಾಗ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತವೆ. ಇದನ್ನು ನೋಡಲೆಂದೇ ಪ್ರಯೋಗಾಲಯದಲ್ಲಿ ಉಜ್ಜಿ ಹೊಳಪು ಮಾಡಿದ ತಾಮ್ರದ ಪಟ್ಟಿಯನ್ನು ಗ್ರೀಸಿನಲ್ಲಿ ಹುದುಗಿಸಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡುತ್ತಾರೆ. ನೀವು ಸುಗ್ಗಿಯ ನಡುವೆ ಒಮ್ಮೆ ಬುಷ್ ಬಿಚ್ಚಿ ಬಣ್ಣ ನೋಡಿದರೆ ಸಾಕು.

ಗ್ರೀಸ್ ತೊಟ್ಟಿಕ್ಕಿ ಕಬ್ಬಿನ ಹಾಲಿಗೆ ಬೀಳುವಂತಿದ್ದರೆ ಮಾತೇ ಬೇರೆ. ಅಂಥ ಜಾಗಕ್ಕೆ ‘ಎಚ್1’ ಗುರುತಿನ, ಸಾಮಾನ್ಯವಾಗಿ ಬಿಳಿಯಾಗಿರುವ, ಹೆಚ್ಚು ವಾಸನೆ ಇಲ್ಲದ ಗ್ರೀಸ್ ಕೇಳಿ. ಅದನ್ನು ತಿನ್ನಬಹುದು ಎಂದಲ್ಲ, ಅಕಸ್ಮಾತ್ ಸ್ವಲ್ಪ ತಾಗಿದರೆ ಅಪಾಯವಿಲ್ಲ ಎಂದಷ್ಟೇ. ಬೆಲೆ ಹೆಚ್ಚು. ಆದರೆ ಗಂಧಕ ನಾರುವ ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಯಲ್ಲಿ ಯಾರು ಕೊಳ್ಳುತ್ತಾರೆ?

ಹೊಸ ಡಬ್ಬಿಯ ವಾಸನೆ ನೆನಪಿರಲಿ. ಮುಂದೆ ಬೇರಿಂಗ್‌ನಿಂದ ತೆಗೆದ ಗ್ರೀಸ್ ಸೀದ ವಾಸನೆಯನ್ನೋ ಹುಳಿ ವಾಸನೆಯನ್ನೋ ಬೀರಿದರೆ ಎಣ್ಣೆ ಕಾದು ಕೆಟ್ಟಿದೆ ಎಂದು ತಿಳಿದು ಬದಲಿಸಿ. ಮೂಗನ್ನು ಡಬ್ಬಿಯೊಳಗೆ ತೂರಿಸಬೇಡಿ.

ಪ್ರಶ್ನೆ: ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಟ್ಟೆಗೆ ಹತ್ತುತ್ತದೆಂದು ತೆಂಗಿನೆಣ್ಣೆ ಬಿಡುತ್ತಿದ್ದೇನೆ. ತಪ್ಪೇ?
– ಓದುಗರು, ಮೈಸೂರು

ಉತ್ತರ: ತಪ್ಪು, ತಾಯಿ. ಕೆಲವು ತಿಂಗಳಲ್ಲಿ ಅದು ಕಮಟು ಹಿಡಿದು ಜಿಗುಟಾಗುತ್ತದೆ, ನೂಲಿನ ಜುಂಗು ಅಂಟಿಕೊಳ್ಳುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದರಿಂದ ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ನಿಮ್ಮ ಯಂತ್ರದ ಚಕ್ರ ತಿರುಗಲು ಮುನಿಸಿಕೊಳ್ಳುತ್ತದೆ. ನೀರಿನಂತೆ ತಿಳಿಯಾಗಿರುವ ಯಂತ್ರದ ಎಣ್ಣೆ ಸಿಗುತ್ತದೆ, ಅದಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಹಳದಿಯದನ್ನು ಬಾಗಿಲ ಕೀಲಿಗೆ ಬಿಡಿ.