ಓಡುತ್ತಿದ್ದ ಆ ಹುಡುಗಿ ಆಮೇಲೆ ಎಲ್ಲಿಗೆ ಹೋದಳು?

ನಮಸ್ಕಾರ.

ವಿಯೆಟ್ನಾಂ ಯುದ್ಧದ 'ನಾಪಾಮ್ ಹುಡುಗಿ' ಫೋಟೋ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ನಾಪಾಮ್, ಅಂದರೆ ಮೈಗೆ ಅಂಟಿಕೊಂಡು ಉರಿಯುವ ಬಾಂಬಿನ ಇಂಧನ; ಅದರಿಂದ ಸುಟ್ಟು, ಬಟ್ಟೆಯಿಲ್ಲದೆ ರಸ್ತೆಯಲ್ಲಿ ಓಡಿಬರುವ ಕಿಮ್ ಫುಕ್ ಎಂಬ ಹುಡುಗಿಯ ಫೋಟೋ ಅದು. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ನೀವು ಇದನ್ನು ಮತ್ತೆ ಬರೆಯಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ಬಾಂಬ್ ಹಾಕಿದ್ದು ಅಮೆರಿಕದ ವಿಮಾನ ಎಂದಿದ್ದೀರಿ. ಅಲ್ಲ. 1972ರ ಜೂನ್ 8ರಂದು ದಕ್ಷಿಣ ವಿಯೆಟ್ನಾಂನ ಟ್ರಾಂಗ್ ಬಾಂಗ್ ಎಂಬ ಊರಿನಲ್ಲಿ ನಾಪಾಮ್ ಸುರಿದದ್ದು ದಕ್ಷಿಣ ವಿಯೆಟ್ನಾಂನದೇ ವಿಮಾನ. 'ಈ ಒಂದು ಚಿತ್ರ ಯುದ್ಧವನ್ನೇ ನಿಲ್ಲಿಸಿತು' ಎಂದೂ ಬರೆದಿದ್ದೀರಿ. ಯುದ್ಧ ಮುಗಿದದ್ದು 1975ರ ಏಪ್ರಿಲ್‌ನಲ್ಲಿ. ನಡುವಿನ ಸುಮಾರು ಮೂರು ವರ್ಷ ಸತ್ತ ಮಕ್ಕಳಿಗೆ ನಿಮ್ಮ ವಾಕ್ಯದಲ್ಲಿ ಜಾಗವೇ ಇಲ್ಲ. ಫೋಟೋ ತೆಗೆದವರು ಎಪಿ ಸುದ್ದಿಸಂಸ್ಥೆಯ ನಿಕ್ ಉಟ್ ಎನ್ನುವುದೂ ಈಗ ವಾದದಲ್ಲಿದೆ. 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಅವರ ಹೆಸರನ್ನು ತಡೆಹಿಡಿಯಿತು, ಎಪಿ ಉಳಿಸಿಕೊಂಡಿತು. ಒಂದು ಸಾಲು ಸಾಕು, ಆದರೆ ಇರಲಿ.

ಇನ್ನು ದೊಡ್ಡ ತೊಂದರೆ. 'ಕರುಳು ಕಿತ್ತು ಬಂತು' ಎನ್ನುವುದು ನಾಲ್ಕು ಕಡೆ ಇದೆ. ನಿಮಗೆ ನಿಜವಾಗಿಯೂ ಸಂಕಟವಾಗಿದೆ, ಅದು ನನಗೆ ಗೊತ್ತಾಗುತ್ತದೆ. ಆದರೆ ಲೇಖನದ ತುಂಬ ನೀವೇ ಇದ್ದೀರಿ, ಹುಡುಗಿ ಇಲ್ಲ. ಫೋಟೋ ತೆಗೆದಿಟ್ಟುಕೊಂಡು ನಿಧಾನವಾಗಿ ನೋಡಿ. ಅವಳ ಪುಟ್ಟ ತಮ್ಮ ಓಡುತ್ತಲೇ ಹಿಂದಿನ ಹೊಗೆಯ ಕಡೆ ತಿರುಗಿದ್ದಾನೆ. ಸೈನಿಕರು ಓಡುತ್ತಿಲ್ಲ, ನಡೆಯುತ್ತಿದ್ದಾರೆ. ಕತ್ತರಿಸದ ಪೂರ್ತಿ ಚಿತ್ರದಲ್ಲಿ, ಬಲ ಅಂಚಿನಲ್ಲಿ ಒಬ್ಬ ಫೋಟೋಗ್ರಾಫರ್ ತಲೆ ತಗ್ಗಿಸಿ ಕ್ಯಾಮೆರಾಗೆ ರೀಲು ಹಾಕಿಕೊಳ್ಳುತ್ತಿದ್ದಾನೆ. ಇದನ್ನು ಸುಮ್ನೆ ಹೇಳಿ ಸಾಕು. ಕರುಳಿನ ಕೆಲಸ ಓದುವವರಿಗೆ ಬಿಡಿ.

'ಆ ಕ್ಷಣ ಅಮರವಾಯಿತು' ಎಂದು ನೀವು ಮುಗಿಸಿದ್ದೀರಿ. ಕಿಮ್ ಫುಕ್‌ಗೆ ಆಗ ಒಂಬತ್ತು ವರ್ಷ. ಆಸ್ಪತ್ರೆಯಲ್ಲಿ 14 ತಿಂಗಳು ಇದ್ದಳು, 17 ಆಪರೇಷನ್ ಆದವು. ಮನೆಗೆ ಬಂದ ಮೇಲೆ ಅಪ್ಪ ಪೇಪರಿನಲ್ಲಿ ಬಂದಿದ್ದ ಫೋಟೋ ತೋರಿಸಿದರು. ಬಟ್ಟೆಯಿಲ್ಲದ ತನ್ನನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಜಗತ್ತು ಅತ್ತ ಫೋಟೋ ಅದು, ಅವಳಿಗೆ ಬೇಡವಾಗಿತ್ತು! ಮುಂದೆ ಡಾಕ್ಟರ್ ಆಗಲು ಓದುತ್ತಿದ್ದಾಗ ಅಲ್ಲಿನ ಸರ್ಕಾರ ಅವಳನ್ನು ಮತ್ತೆ ಮತ್ತೆ ವಿದೇಶಿ ವರದಿಗಾರರ ಮುಂದೆ ಕೂರಿಸಿತು. ಓದು ನಿಂತಿತು. ಆಮೇಲೆ ಕ್ಯೂಬಾ. 1992ರಲ್ಲಿ ವಿಮಾನ ಇಂಧನಕ್ಕೆಂದು ಕೆನಡಾದ ಗ್ಯಾಂಡರ್‌ನಲ್ಲಿ ಇಳಿದಾಗ ಗಂಡನ ಜೊತೆ ಅಲ್ಲೇ ಆಶ್ರಯ ಕೇಳಿದರು. ನಿಮ್ಮ ಲೇಖನ ಇಲ್ಲಿದೆ, ಅಲ್ವಾ?

ಕೊನೆಯಲ್ಲಿ ಅಲನ್ ಕುರ್ದಿಯನ್ನು, ಸಮುದ್ರದ ದಡದಲ್ಲಿ ಸತ್ತು ಬಿದ್ದಿದ್ದ ಆ ಸಿರಿಯಾದ ಮಗುವನ್ನು, 'ಇಂಥದೇ ಇನ್ನೊಂದು ಚಿತ್ರ' ಎಂದು ತಂದಿದ್ದೀರಿ. ಆ ಪ್ಯಾರಾ ತೆಗೆಯಿರಿ. ಆ ಮಗು ಬದುಕಲಿಲ್ಲ, ತನ್ನ ಫೋಟೋ ಬಗ್ಗೆ ಏನೂ ಹೇಳಲಾರದು. 2015ರ ಆ ದಿನ ಅವನ ಅಣ್ಣ ಗಾಲಿಬ್, ಅಮ್ಮ ಕೂಡ ಸಮುದ್ರದಲ್ಲಿ ಮುಳುಗಿದರು. ಅದು ಬೇರೆಯೇ ಲೇಖನ.

ತೆಗೆದ ಪ್ಯಾರಾದ ಜಾಗದಲ್ಲಿ ಬೇಕಾದ್ದು ಇದು: ಟ್ರಾಂಗ್ ಬಾಂಗ್‌ನ ಅದೇ ರಸ್ತೆಯಲ್ಲಿ, ಅದೇ ದಿನ, ಅಜ್ಜಿಯೊಬ್ಬರು ಸುಟ್ಟ ಮೊಮ್ಮಗನನ್ನು ಎತ್ತಿಕೊಂಡು ಬರುವ ಚಿತ್ರವೂ ಇದೆ. ಕಿಮ್‌ಳ ಸೋದರ ಸಂಬಂಧಿ, ಮೂರು ವರ್ಷದವನು. ಉಳಿಯಲಿಲ್ಲ. ಈ ಚಿತ್ರ ನೋಡಿದವರು ಕಡಿಮೆ. ಅದನ್ನು ಹುಡುಕಿ ನೋಡಿ, ಆಮೇಲೆ ಬರೆಯಲು ಕೂರಿ. 800 ಪದ ಸಾಕು, ಜಾಸ್ತಿ ಬೇಡ. ಕಳಿಸಿದ ದಿನವೇ ಓದುತ್ತೇನೆ.