ಸ್ಕಾಟ್ಲೆಂಡನ್ನು ಇಂಗ್ಲೆಂಡ್ ಯುದ್ಧದಲ್ಲಿ ಗೆದ್ದುಕೊಂಡಿತೇ?

ಇಲ್ಲ. ಗೆಲ್ಲಲು ಹೊರಟಿದ್ದು ನಿಜ, ದಕ್ಕಿಸಿಕೊಳ್ಳಲು ಆಗಲಿಲ್ಲ. 1296ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ದಂಡೆತ್ತಿ ಹೋಗಿ, ಸ್ಕಾಟ್ ರಾಜರ ಪಟ್ಟಾಭಿಷೇಕದ ಕಲ್ಲನ್ನೇ ಲಂಡನ್ನಿಗೆ ಹೊತ್ತು ತಂದ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಇಂಗ್ಲಿಷ್ ಸೈನ್ಯವನ್ನು ಬಗ್ಗುಬಡಿದ. ಕಲ್ಲು ಮಾತ್ರ ಅಧಿಕೃತವಾಗಿ ವಾಪಸ್ ಬಂದದ್ದು 1996ರಲ್ಲಿ! (ನಡುವೆ 1950ರ ಕ್ರಿಸ್‌ಮಸ್ ದಿನ ನಾಲ್ವರು ಸ್ಕಾಟಿಷ್ ವಿದ್ಯಾರ್ಥಿಗಳು ಅದನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಿಂದ ಕದ್ದೊಯ್ದಿದ್ದರು. ಎತ್ತುವಾಗ ಅದು ಎರಡು ತುಂಡಾಯಿತು.) 1650ರ ದಶಕದಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್ ಸ್ಕಾಟ್ಲೆಂಡನ್ನು ಹಿಡಿದಿಟ್ಟಿದ್ದ, ಅದೂ ಕೆಲವೇ ವರ್ಷ.

ತಮಾಷೆ ನೋಡಿ, 1603ರಲ್ಲಿ ಆಗಿದ್ದು ಉಲ್ಟಾ. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್‌ಗೆ ಮಕ್ಕಳಿರಲಿಲ್ಲ. ಅವಳು ತೀರಿಕೊಂಡಾಗ ಅವಳ ಬಂಧು, ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸನೇ ಲಂಡನ್ನಿಗೆ ಹೋಗಿ ಗದ್ದುಗೆ ಏರಿದ. ರಾಜ ಒಬ್ಬ, ರಾಜ್ಯ ಎರಡು, ಪಾರ್ಲಿಮೆಂಟೂ ಎರಡು.

ಪಾರ್ಲಿಮೆಂಟುಗಳು ಒಂದಾಗಿದ್ದು 1707ರಲ್ಲಿ. ಅದರ ಹಿಂದೆ ದುಡ್ಡಿನ ಕಥೆಯೇ ಜಾಸ್ತಿ. ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟರು ಕೈ ಸುಟ್ಟುಕೊಂಡಿದ್ದರು. ಇತ್ತ ಇಂಗ್ಲೆಂಡ್ ವ್ಯಾಪಾರಕ್ಕೆ ಅಡ್ಡಗಾಲು ಹಾಕುವ ಬೆದರಿಕೆ ಒಡ್ಡಿತ್ತು. ಕೊನೆಗೆ ಒಪ್ಪಂದದಲ್ಲಿ 3,98,085 ಪೌಂಡ್ ಕೊಡಲು ಒಪ್ಪಿತು, ಅದರಲ್ಲಿ ದೊಡ್ಡ ಪಾಲು ಡೇರಿಯನ್‌ನಲ್ಲಿ ದುಡ್ಡು ಹಾಕಿದವರಿಗೆ. ಇದು ಲಂಚ ಎಂದು ಬೈದವರೂ ಇದ್ದರು. ಸ್ಕಾಟ್ಲೆಂಡ್ ತನ್ನ ಕಾನೂನು, ಕೋರ್ಟು, ಚರ್ಚು ಉಳಿಸಿಕೊಂಡಿತು.

ಆಮೇಲೆ ಸಾಮ್ರಾಜ್ಯದ ಲಾಭದಲ್ಲಿ ಇಬ್ಬರೂ ಪಾಲುದಾರರು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋದವನು. ನಾವು ಸುಮ್ನೆ ಎಲ್ಲರನ್ನೂ ಇಂಗ್ಲಿಷರು ಅಂದುಬಿಡ್ತೀವಿ, ಅಲ್ವಾ?

2014ರ ಜನಮತದಲ್ಲಿ ಸ್ಕಾಟ್ಲೆಂಡಿನ ಸುಮಾರು ಶೇ 55 ಮತದಾರರು ಒಟ್ಟಿಗೇ ಇರೋಣ ಎಂದರು, ಶೇ 45 ಮಂದಿ ಬೇರೆಯಾಗೋಣ ಎಂದರು.